ಎಲ್ಲವನ್ನೂ ಅಕ್ಕನೇ ನೋಡಬೇಕಾದಾಗ

ಪ್ರಶ್ನೆ: ಕುಶಾಲನಗರದಲ್ಲಿ ಆರು ವರ್ಷದಿಂದ ಸಣ್ಣದೊಂದು ಡಿಸೈನ್ ಸ್ಟುಡಿಯೋ ನಡೆಸುತ್ತಿದ್ದೇನೆ. ಹೋಂಸ್ಟೇಗಳ ಲೋಗೋ, ಬೋರ್ಡು, ವೆಬ್‌ಸೈಟು. ಕಾಫಿಪುಡಿ, ಜೇನು, ಕಾಳುಮೆಣಸಿನ ಲೇಬಲ್ಲು, ಪೌಚು. ಸೀಸನ್ನಿನಲ್ಲಿ ಮದುವೆ ಕಾಗದ. ನನ್ನ ಜೊತೆ ಮೂವರಿದ್ದಾರೆ. ಮೂವರ ಸಂಬಳ 95 ಸಾವಿರ, ಬಾಡಿಗೆ 11 ಸಾವಿರ, ಸಾಫ್ಟ್‌ವೇರು, ಇಂಟರ್ನೆಟ್, ಕರೆಂಟು ಎಲ್ಲ ಸೇರಿ 14 ಸಾವಿರ. ಉಳಿದದ್ದು ನನಗೆ. ಕೆಲಸಕ್ಕೆ ಬರವಿಲ್ಲ, ಆದರೆ ರಾತ್ರಿ ಹನ್ನೊಂದರ ತನಕ ನಾನೇ ಫೈಲ್ ತಿದ್ದುತ್ತ ಕೂತಿರುತ್ತೇನೆ. ಎಲ್ಲದಕ್ಕೂ ‘ಅಕ್ಕಾ, ಒಮ್ಮೆ ನೋಡಿ’. ಕಳೆದ ವರ್ಷ ಚೆನ್ನಾಗಿ ಪಳಗಿದ್ದ ಹುಡುಗ ಬೆಂಗಳೂರಿಗೆ ಹೊರಟುಹೋದ. ಮೊನ್ನೆ ಒಂದು ಕಾಫಿಪುಡಿ ಪೌಚು ನಿವ್ವಳ ತೂಕದ ಸಾಲೇ ಇಲ್ಲದೆ ಪ್ರಿಂಟಾಗಿ ಬಂತು. 3,000 ಪೌಚಿನ ಖರ್ಚು ನಮ್ಮ ತಲೆಗೆ. ವಿಚಾರಿಸಿದರೆ ಮೂವರೂ ಹೇಳಿದ್ದು ಒಂದೇ ಮಾತು: ‘ನೀವು ನೋಡಿರ್ತೀರಿ ಅಂದ್ಕೊಂಡ್ವಿ.’ ನಾನು ಡಿಸೈನರ್ ಹೌದು, ನಾಲ್ಕು ಜನರನ್ನು ನಡೆಸುವವಳಲ್ಲ ಅನ್ನಿಸತೊಡಗಿದೆ. ಮ್ಯಾನೇಜರ್ ಇಡಲೇ? ಲೀಡರ್‌ಶಿಪ್ ಕೋರ್ಸ್ ಮಾಡಲೇ? ಇಲ್ಲ, ಮೈಸೂರಿಗೇ ಹೋಗಿಬಿಡಲೇ?

ಉತ್ತರ: ಕೇಳಿದ್ದು ಮೂರು ಪ್ರಶ್ನೆಯಾದರೂ ತೊಂದರೆ ಒಂದೇ, ಮತ್ತು ಅದು ಆ ಮೂವರ ಬಾಯಿಂದಲೇ ಬಂದಿದೆ. ಕೊನೆಯಲ್ಲಿ ಒಬ್ಬರು ನೋಡಿಯೇ ನೋಡುತ್ತಾರೆ ಎಂಬ ಖಾತ್ರಿ ಇದ್ದರೆ ಅದಕ್ಕೂ ಮೊದಲಿನವರು ಕಣ್ಣಿಟ್ಟು ನೋಡುವುದಿಲ್ಲ. ಇದು ಸೋಮಾರಿತನವಲ್ಲ, ಯಾರಾದರೂ ಹಾಗೆಯೇ ಮಾಡುತ್ತಾರೆ. ಆ ಕೊನೆಯವರಾದ ನೀವೋ, ರಾತ್ರಿ ಹತ್ತೂವರೆಗೆ ಪೌಚಿನ ಫೈಲ್ ತೆರೆದಾಗ ಹಸಿರು ಸ್ವಲ್ಪ ಜಾಸ್ತಿಯಾಯಿತೇ, ಅಕ್ಷರಗಳ ನಡುವೆ ಉಸಿರಾಡಲು ಜಾಗ ಇದೆಯೇ ಎಂದು ನೋಡಿದಿರಿ. ಡಿಸೈನರ್ ಕಣ್ಣು ಹೋಗುವುದೇ ಅಲ್ಲಿಗೆ. ತೂಕದ ಸಾಲು ಇದೆಯೇ ಎಂದು ನೋಡುವುದು ಯಾರ ಪಾಲಿನ ಕೆಲಸವೆಂದು ಎಲ್ಲೂ ಬರೆದಿಟ್ಟಿರಲಿಲ್ಲ. ನಾಲ್ಕು ಜೋಡಿ ಕಣ್ಣು ದಾಟಿಯೂ ಅದು ತಪ್ಪಿದ್ದು ಹೀಗೆ.

ಹಾಗಾಗಿ ‘ನಾನು ನಡೆಸುವವಳಲ್ಲ’ ಎಂಬ ತೀರ್ಪನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಾಯಕತ್ವ ಹುಟ್ಟಿನಿಂದ ಬರುವ ಗುಣ ಅನ್ನುವುದು, ಕೋರ್ಸಿನಲ್ಲಿ ಸಿಗುತ್ತದೆ ಅನ್ನುವುದು, ಎರಡೂ ಅರ್ಧ ಸತ್ಯ. ನಾಲ್ಕು ಜನರ ಸ್ಟುಡಿಯೋದಲ್ಲಿ ಅದು ಹೆಚ್ಚಾಗಿ ಕ್ಯಾಲೆಂಡರಿನ ವಿಷಯ: ಯಾವ ತೀರ್ಮಾನ ಯಾರು ತೆಗೆದುಕೊಳ್ಳುತ್ತಾರೆ, ಯಾವಾಗ, ಏನನ್ನು ನೋಡಿ. ಈಗ ಎಲ್ಲ ತೀರ್ಮಾನಗಳೂ ಕೆಲಸ ಮುಗಿದ ಮೇಲೆ, ರಾತ್ರಿ ಹೊತ್ತು, ನಿಮ್ಮೊಬ್ಬರ ಕೈಯಲ್ಲಿ ಆಗುತ್ತಿವೆ. ಅವು ಕೆಲಸ ಶುರುವಾಗುವ ಮೊದಲು, ಹಗಲು ಹೊತ್ತು, ಕಾಗದದ ಮೇಲೆ ಆಗಬೇಕು. ಉಳಿದ ಬದಲಾವಣೆಗಳೆಲ್ಲ ಇದರ ಹಿಂದೆಯೇ ಬರುತ್ತವೆ.

ರಾತ್ರಿ ತಿದ್ದುವ ಅಭ್ಯಾಸದ ನಿಜವಾದ ಬೆಲೆ ನಿಮ್ಮ ನಿದ್ದೆಯಲ್ಲ. ಬೆಳಿಗ್ಗೆ ಹುಡುಗಿ ಬಂದು ಫೈಲ್ ತೆರೆದರೆ ನಿನ್ನೆ ಅವಳು ಮಾಡಿದ್ದು ಅಲ್ಲಿಲ್ಲ. ಚೆನ್ನಾಗಿಯೇ ಆಗಿದೆ, ಆದರೆ ಏಕೆ ಬದಲಾಯಿತೆಂದು ಗೊತ್ತಿಲ್ಲ. ಮುಂದಿನ ಸಲ ಅವಳು ಮುಕ್ಕಾಲು ಮಾಡಿ ಬಿಡುತ್ತಾಳೆ, ಹೇಗೂ ಅಕ್ಕ ತಿದ್ದುತ್ತಾರಲ್ಲ. ನಿಮಗೆ ತಿದ್ದಲು ಇನ್ನಷ್ಟು ಸಿಗುತ್ತದೆ. ಬೆಂಗಳೂರಿಗೆ ಹೋದ ಹುಡುಗನ ವಿಚಾರದಲ್ಲೂ ಇದನ್ನು ಯೋಚಿಸಿ. ಸಂಬಳದಲ್ಲಿ ಬೆಂಗಳೂರಿನ ಜೊತೆ ಪೈಪೋಟಿ ಮಾಡಲು ನಿಮಗೆ ಆಗುವುದಿಲ್ಲ, ಅದನ್ನು ಒಪ್ಪಿಕೊಳ್ಳುವುದೇ ಸರಿ. ಆದರೆ ಸಂಬಳದ ಆಸೆಗೆ ಹೋಗುವವರಷ್ಟೇ, ಇಲ್ಲಿ ಇನ್ನು ಕಲಿಯುವುದೇನೂ ಉಳಿದಿಲ್ಲ ಎಂದು ಹೋಗುವವರೂ ಇದ್ದಾರೆ. ಮೊದಲನೆಯವರನ್ನು ತಡೆಯಲಾಗದು. ಎರಡನೆಯವರು ಊರಿನ ಹತ್ತಿರ, ಮನೆಯ ಊಟ ಮಾಡಿಕೊಂಡು ಇರಲು ಸಿದ್ಧರಿರುತ್ತಾರೆ. ಅವರಿಗೆ ಬೇಕಾದದ್ದು ಗ್ರಾಹಕರ ಜೊತೆ ನೇರ ಮಾತು ಮತ್ತು ‘ಇದು ನನ್ನ ಕೆಲಸ’ ಎಂದು ತೋರಿಸಿಕೊಳ್ಳುವ ಹಕ್ಕು.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಯಾವ ಅಭ್ಯಾಸ ಎಷ್ಟು ಅರ್ಜೆಂಟು ಎಂಬುದನ್ನು ಅದೇ ಹೇಳುತ್ತದೆ. ನೀವು ಕೊಟ್ಟ ಖರ್ಚು 1,20,000 ರೂಪಾಯಿ. ‘ಉಳಿದದ್ದು ನನಗೆ’ ಎಂಬುದನ್ನು ಬಿಟ್ಟು ನಿಮಗೂ ಒಂದು ಸಂಬಳ ಬರೆಯಿರಿ, 50 ಸಾವಿರ ಅನ್ನೋಣ. ತಿಂಗಳಿಗೆ 1,70,000. ಮೂವರು, 24 ದಿನ, ದಿನಕ್ಕೆ 8 ಗಂಟೆ: 576 ಗಂಟೆ. ಇದೆಲ್ಲಕ್ಕೂ ಬಿಲ್ ಮಾಡಲಾಗುವುದಿಲ್ಲ. ಫೋನು, ಕರೆಂಟು ಹೋದ ಹೊತ್ತು, ಕಾಯುವ ಹೊತ್ತು ಕಳೆದರೆ ಶೇ 60 ಉಳಿದರೆ ಪುಣ್ಯ, ಅಂದರೆ ಸುಮಾರು 345. ನಿಮ್ಮ 192 ಗಂಟೆಯಲ್ಲಿ ಶೇ 30ರಷ್ಟು, 57. ಒಟ್ಟು ಹತ್ತಿರ ಹತ್ತಿರ 400. ಒಂದು ಗಂಟೆಯ ಅಸಲು ಖರ್ಚೇ 425 ರೂಪಾಯಿ ಬಿತ್ತು. ಮೂರು ಸೈಜಿನ ಒಂದು ಕಾಫಿಪುಡಿ ಲೇಬಲ್ಲಿಗೆ 12 ಸಾವಿರ ಹೇಳಿ, ತಿದ್ದುಪಡಿ ಸೇರಿ 40 ಗಂಟೆ ಹಿಡಿದರೆ, ಆ ಕೆಲಸಕ್ಕೆ ನೀವೇ ಕೈಯಿಂದ 5 ಸಾವಿರ ಹಾಕಿದ ಹಾಗೆ. ಕೆಲಸಕ್ಕೆ ಬರವಿಲ್ಲದಿದ್ದರೂ ಕೈಯಲ್ಲಿ ಕಾಸು ನಿಲ್ಲದಿರುವುದಕ್ಕೆ ಕಾರಣ ಇಲ್ಲೇ ಎಲ್ಲೋ ಇರುತ್ತದೆ. ಒಂದು ತಿಂಗಳು ನಾಲ್ವರೂ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅರ್ಧ ಗಂಟೆಯ ಲೆಕ್ಕದಲ್ಲಿ ಬರೆದಿಡಿ. ‘ಇದು ಕಾವಲು ಕಾಯುವುದಕ್ಕಲ್ಲ, ದರ ಕೂಡಿಸುವುದಕ್ಕೆ’ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಎಲ್ಲರೂ ಎಂಟು ಗಂಟೆ ತುಂಬಿಸಿಯೇ ಬರೆಯುತ್ತಾರೆ. ನಿಮ್ಮ ರಾತ್ರಿಯ ಗಂಟೆಗಳನ್ನೂ ಬರೆಯಿರಿ. ಅದನ್ನು ಬರೆಯದಿದ್ದರೆ ಲೆಕ್ಕವೇ ಸುಳ್ಳು.

ಮೊದಲ ಅಭ್ಯಾಸ, ಬ್ರೀಫ್, ಅಂದರೆ ಗ್ರಾಹಕರಿಗೆ ಬೇಕಾದದ್ದೇನೆಂದು ಮೊದಲೇ ಬರೆದಿಟ್ಟ ಟಿಪ್ಪಣಿ. ಒಂದೇ ಪುಟ. ಇದು ಭರ್ತಿಯಾಗದೆ ಯಾರೂ ಕಂಪ್ಯೂಟರ್ ಮುಂದೆ ಕೂರಬಾರದು. ಯಾರಿಗೆ ಮಾರುತ್ತಾರೆ, ಎಲ್ಲಿ ಮಾರುತ್ತಾರೆ, ಪಕ್ಕದಲ್ಲಿ ಯಾವ ಸರಕು ಕೂತಿರುತ್ತದೆ, ನೋಡಿದವರಿಗೆ ಮೊದಲು ಕಾಣಬೇಕಾದ ಒಂದೇ ಒಂದು ಸಂಗತಿ ಯಾವುದು, ಏನು ಬೇಡವೇ ಬೇಡ, ಒಪ್ಪಿಗೆ ಕೊಡುವವರು ಯಾರು. ‘ಚೆನ್ನಾಗಿರಬೇಕು, ಕೂರ್ಗ್ ಫೀಲ್ ಬೇಕು’ ಎಂದು ಬರೆದರೆ ಅದು ಬ್ರೀಫ್ ಅಲ್ಲ. ಹಾಗೆ ಬರೆದ ಕಾಗದದಿಂದ ಬರುವುದು ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ), ಕಾಫಿಬೀಜ, ಮಂಜು ಕವಿದ ಬೆಟ್ಟ; ಮಡಿಕೇರಿ ದಾರಿಯಲ್ಲಿ ಬೋರ್ಡುಗಳನ್ನು ನೋಡುತ್ತ ಹೋಗಿ, ನಿಮಗೇ ಗೊತ್ತಾಗುತ್ತದೆ. ಇದರ ಬದಲು ಹೀಗೆ ಬರೆದರೆ: ‘ಕೊಳ್ಳುವವರು ವಾಪಸ್ ಹೊರಟ ಪ್ರವಾಸಿಗರು. ಹೆದ್ದಾರಿ ಬದಿಯ ಮಸಾಲೆ ಅಂಗಡಿ. ಪಕ್ಕದಲ್ಲಿ ಹತ್ತು ಕಂದು ಪೌಚುಗಳಿರುತ್ತವೆ. ಮೊದಲು ಕಾಣಬೇಕಾದದ್ದು, ಇದು ಒಂದೇ ತೋಟದ ಅರೇಬಿಕಾ, ಚಿಕೋರಿ ಇಲ್ಲ.’ ಇದನ್ನು ಓದಿದ ಡಿಸೈನರ್ ಕಂದು ಬಣ್ಣವನ್ನು ತಾನೇ ಬಿಡುತ್ತಾಳೆ. ನಿಮ್ಮನ್ನು ಕೇಳಲು ಬರುವುದಿಲ್ಲ.

ಆರನೆಯ ಪ್ರಶ್ನೆ, ಒಪ್ಪಿಗೆ ಯಾರದು ಎಂಬುದು, ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ. ಹೋಂಸ್ಟೇ ಅಂದರೆ ಒಂದು ಮನೆತನದ ವ್ಯವಹಾರ. ಬ್ರೀಫ್ ಕೊಡುವುದು ಮನೆಯ ಸೊಸೆ, ಬಣ್ಣ ಬದಲಿಸಿ ಅನ್ನುವುದು ಬೆಂಗಳೂರಿನಲ್ಲಿರುವ ಮಗ, ಎಲ್ಲ ಮುಗಿದ ಮೇಲೆ ‘ಇದರಲ್ಲಿ ನಮ್ಮ ಐನ್‌ಮನೆ (ಮನೆತನದ ಮೂಲಮನೆ) ಎಲ್ಲಿ?’ ಎಂದು ಕೇಳುವುದು ದೊಡ್ಡವರು. ಆದ್ದರಿಂದ ಮೊದಲ ದಿನವೇ ಒಬ್ಬರ ಹೆಸರು ಬರೆಸಿಕೊಳ್ಳಿ, ದೊಡ್ಡವರು ಇದ್ದರೆ ಮೊದಲ ಸ್ಕೆಚ್‌ನಲ್ಲೇ ಅವರನ್ನು ಕೂರಿಸಿಕೊಳ್ಳಿ. ಮನೆಯವರೆಲ್ಲ ಇರುವ ವಾಟ್ಸ್‌ಆ್ಯಪ್ ಗುಂಪಿಗೆ ಡಿಸೈನ್ ಹಾಕಬೇಡಿ. ಅಲ್ಲಿಂದ ಬರುವ ಹೆಬ್ಬೆರಳುಗಳಿಗೆ ಯಾವ ಬೆಲೆಯೂ ಇಲ್ಲ.

ಎರಡನೆಯದು, ನೋಡುವ ಕ್ರಮ. ಕೆಲಸ ಮುಗಿದ ಮೇಲೆ ನೋಡುವುದನ್ನು ಬಿಟ್ಟು ಎರಡು ಸಲ ನೋಡಿ. ಕಾಲು ಭಾಗ ಆದಾಗ ಒಮ್ಮೆ: ಪೆನ್ಸಿಲ್ ಸ್ಕೆಚ್ ಅಥವಾ ಕಪ್ಪು ಬಿಳುಪು, ಮೂರು ದಾರಿ. ದಿಕ್ಕು ತಪ್ಪಿದ್ದರೆ ಈಗ ತಿರುಗಿಸಲು ಅರ್ಧ ದಿನ ಸಾಕು, ಕೊನೆಯಲ್ಲಾದರೆ ಮೂರು ದಿನ ಬೇಕು. ಮುಕ್ಕಾಲು ದಾಟಿದ ಮೇಲೆ ಇನ್ನೊಮ್ಮೆ. ಎರಡಕ್ಕೂ ಹೊತ್ತು ಗೊತ್ತುಮಾಡಿ: ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತು ನಿಮಿಷ, ಸಂಜೆ ನಾಲ್ಕಕ್ಕೆ ಇಪ್ಪತ್ತು ನಿಮಿಷ. ನಡುವೆ ‘ಅಕ್ಕಾ, ಒಮ್ಮೆ ನೋಡಿ’ ಎಂದರೆ ‘ನಾಲ್ಕು ಗಂಟೆಗೆ ತಾ’. ಮೊದಲ ವಾರ ಕಠಿಣ ಅನ್ನಿಸುತ್ತದೆ. ಎರಡನೆಯ ವಾರದಿಂದ ಅವರು ನಾಲ್ಕು ಗಂಟೆಯೊಳಗೆ ತಾವೇ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ.

ನೋಡುವಾಗ ಮೌಸ್ ಮುಟ್ಟಬೇಡಿ. ಕೂರುವ ಜಾಗವೂ ಮುಖ್ಯ. ಅವರ ಕುರ್ಚಿಯಲ್ಲಿ ನೀವು ಕೂತ ಕೂಡಲೇ ಅದು ನಿಮ್ಮ ಫೈಲಾಗುತ್ತದೆ. ಪಕ್ಕದಲ್ಲಿ ಕೂತು, ಅಥವಾ ಅಚ್ಚು ತೆಗೆದ ಕಾಗದದ ಮೇಲೆ ಪೆನ್ನಿನಲ್ಲಿ ಹೇಳಿ. ‘ಯಾಕೋ ಸರಿ ಬರ್ತಿಲ್ಲ’ ಎಂದರೆ ಅವರು ನಿಮ್ಮ ಮನಸ್ಸನ್ನು ಊಹಿಸಲು ಹೊರಡುತ್ತಾರೆ. ‘ಅಂಗಡಿಯಲ್ಲಿ ಆರಡಿ ದೂರ ನಿಂತರೆ ತೋಟದ ಹೆಸರು ಓದಲಾಗುತ್ತಿಲ್ಲ’ ಎಂದರೆ ತೊಂದರೆ ಏನೆಂದು ನೀವು ಹೇಳಿದ ಹಾಗಾಯಿತು, ಪರಿಹಾರ ಅವರದ್ದು. ‘ಹೆಸರನ್ನು ದೊಡ್ಡದು ಮಾಡು’ ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ: ಅವರು ಹೆಸರನ್ನು ದೊಡ್ಡದು ಮಾಡದೆ ಹಿನ್ನೆಲೆಯನ್ನು ತಿಳಿಯಾಗಿಸಬಹುದು, ಅದು ನಿಮಗೆ ಹೊಳೆದದ್ದಕ್ಕಿಂತ ಚೆನ್ನಾಗಿರಲೂಬಹುದು. ಒಂದು ಎಚ್ಚರಿಕೆ. ನಿಮ್ಮ ಅಭಿರುಚಿಗೆ ಒಗ್ಗದ್ದು ಮತ್ತು ಬ್ರೀಫ್‌ಗೆ ಒಗ್ಗದ್ದು, ಎರಡೂ ಒಂದೇ ಅಲ್ಲ. ಮೊದಲನೆಯದನ್ನು ಬಿಟ್ಟುಕೊಡುವುದೇ ಈ ಕೆಲಸದ ಅತಿ ಕಷ್ಟದ ಭಾಗ. ಕೆಲವು ಡಿಸೈನುಗಳು ನೀವು ಮಾಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂಬ ಮಟ್ಟದಲ್ಲೇ ಹೊರಗೆ ಹೋಗುತ್ತವೆ. ಹೋಗಲಿ.

ತೀರ್ಮಾನಗಳನ್ನು ಮೂರು ಗುಂಪು ಮಾಡಿ ಗೋಡೆಗೆ ಅಂಟಿಸಿ: ಕೇಳಿ ಮಾಡು, ಮಾಡಿ ಹೇಳು, ಹೇಳಬೇಕಿಲ್ಲ. ದರ, ರಿಯಾಯಿತಿ, ಹೊಸ ಗ್ರಾಹಕ, ಕೊನೆಯ ಪ್ರಿಂಟ್ ಆರ್ಡರ್ ಮೊದಲ ಗುಂಪಿಗೆ. ಪೇಪರ್ ಬದಲಾವಣೆ, ಎರಡು ಸಾವಿರದೊಳಗಿನ ಖರೀದಿ, ಗ್ರಾಹಕರಿಗೆ ದಿನಾಂಕ ಎರಡು ದಿನ ಮುಂದೂಡುವುದು ಎರಡನೆಯದಕ್ಕೆ. ಫಾಂಟ್, ವಿನ್ಯಾಸದ ಒಳಗಿನ ಆಯ್ಕೆ, ಸ್ಪೆಲ್ಲಿಂಗ್ ತಿದ್ದುವುದು ಮೂರನೆಯದಕ್ಕೆ. ಎರಡು ತಿಂಗಳಿಗೊಮ್ಮೆ ಮೇಲಿನ ಗುಂಪಿನಿಂದ ಒಂದನ್ನು ಕೆಳಕ್ಕೆ ಇಳಿಸಿ. ಒಮ್ಮೆ ತಪ್ಪಾಯಿತೆಂದು ಮತ್ತೆ ಮೇಲಕ್ಕೆ ಎಳೆದುಕೊಂಡರೆ ಆ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಇನ್ನು ಆ ಪೌಚಿಗೆ ಬರೋಣ. ಮಾಡಿದವರು ಬೇರೆ, ಪರೀಕ್ಷಿಸುವವರು ಬೇರೆ, ಮತ್ತು ಆ ಪರೀಕ್ಷಕರು ನೀವಲ್ಲ. ಅವರ ಕೈಯಲ್ಲಿ ಒಂದು ಹಾಳೆ, ಪ್ರತಿ ಸಾಲಿಗೂ ಗುರುತು, ಕೆಳಗೆ ಸಹಿ. ಪೊಟ್ಟಣದ ಆಹಾರವೆಂದರೆ ಸರಕಿನ ಹೆಸರು, ಪದಾರ್ಥಗಳು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಕರ ಪೂರ್ತಿ ವಿಳಾಸ, ಬ್ಯಾಚ್, ತಯಾರಿ ದಿನಾಂಕ ಮತ್ತು ಬಳಕೆಯ ಅವಧಿ ಅಚ್ಚಾಗಲು ಖಾಲಿ ಜಾಗ, ಸಸ್ಯಾಹಾರದ ಹಸಿರು ಗುರುತು, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ಸಂಖ್ಯೆ, ಗ್ರಾಹಕರು ದೂರು ಹೇಳಲು ಫೋನ್. ಚಿಕೋರಿ ಬೆರೆಸಿದ್ದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಎಂಬುದು. ಬಾರ್‌ಕೋಡಿನ ಪ್ರಮಾಣಿತ ಅಗಲ 37.29 ಮಿ.ಮೀ., ಶೇ 80ಕ್ಕಿಂತ ಕುಗ್ಗಿಸಬಾರದು. ಅಂದಕ್ಕೆಂದು ಕೆಂಪು ಗೆರೆ ಮಾಡಿದರೆ ಸ್ಕ್ಯಾನರ್ ಓದುವುದಿಲ್ಲ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಚಾಚಿದ ಬಣ್ಣ), ಚಿತ್ರಗಳು 300 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ), ಬಣ್ಣ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿ).

ಕನ್ನಡ ಅಕ್ಷರಕ್ಕೆ ಬೇರೆಯೇ ಸಾಲು ಇರಲಿ. ಗ್ರಾಹಕರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದು ಯೂನಿಕೋಡ್ ಫಾಂಟಿಗೆ ಹಾಕಿದ ಕೂಡಲೇ ಕಲಸುಮೇಲೋಗರವಾಗುತ್ತದೆ, ಮೊದಲು ಪರಿವರ್ತಿಸಬೇಕು. ಯೂನಿಕೋಡ್ ಪಠ್ಯವೇ ಆದರೂ ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರ ಕಳಚಿಕೊಂಡು ‘ಕೊಪ್ಪ’ ಇದ್ದದ್ದು ‘ಕೊಪ್‌ಪ’ ಆಗುತ್ತದೆ. ಇಂಗ್ಲಿಷಿಗೆ ಒಗ್ಗಿದ ಕಣ್ಣು ಇದನ್ನು ದಾಟಿ ಹೋಗುತ್ತದೆ. ಪ್ರಿಂಟಿಗೆ ಕಳಿಸುವ ಫೈಲಿನಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಫಾಂಟ್ ಬೇಡದ ಆಕಾರವಾಗಿಸಿ), ತಿದ್ದಬಹುದಾದ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ರೈಲಿಲ್ಲದ ಜಿಲ್ಲೆ ನಮ್ಮದು. ಮೈಸೂರು, ಬೆಂಗಳೂರಿನಲ್ಲಿ ಅಚ್ಚು ಹಾಕಿಸುತ್ತೀರಾದರೆ ಪ್ರೂಫ್ ಬಸ್ಸಿನಲ್ಲೋ ಕೊರಿಯರಿನಲ್ಲೋ ಬರಬೇಕು, ಅದಕ್ಕೆಂದು ಮೂರು ದಿನ ವೇಳಾಪಟ್ಟಿಯಲ್ಲೇ ಇರಲಿ. ಗ್ರೇವಿಯರ್ (ಕೆತ್ತಿದ ಸಿಲಿಂಡರಿನಿಂದ ಅಚ್ಚು ಹಾಕುವ ವಿಧಾನ) ಪೌಚಿಗೆ ಬಣ್ಣಕ್ಕೊಂದು ಸಿಲಿಂಡರ್ ಕೆತ್ತುವುದರಿಂದ ಒಂದು ಸಾಲಿನ ತಪ್ಪೂ ದುಬಾರಿ. ಹೊಸ ಸರಕಾದರೆ ಮೊದಲು ಡಿಜಿಟಲ್‌ನಲ್ಲಿ ಕೆಲವು ನೂರು ಹಾಕಿಸಲು ಗ್ರಾಹಕರಿಗೆ ಹೇಳಿ. ಕೊನೆಯ ಪ್ರೂಫಿನ ಮೇಲೆ ಗ್ರಾಹಕರ ಸಹಿ ಇಲ್ಲದೆ ಪ್ರೆಸ್ಸಿಗೆ ಫೋನ್ ಹೋಗಬಾರದು.

ದುಡ್ಡಿನ ಅಭ್ಯಾಸ ಚಿಕ್ಕದು: ಶುಕ್ರವಾರ ಮಧ್ಯಾಹ್ನ ಒಂದು ಗಂಟೆ. ಬರಬೇಕಾದದ್ದು, ಕೊಡಬೇಕಾದದ್ದು, ಮುಂದಿನ ಆರು ವಾರದ ಕೆಲಸ. ಅರ್ಧ ಮುಂಗಡ, ಡಿಸೈನ್ ಒಪ್ಪಿದಾಗ ಶೇ 30, ಕೊನೆಯ ಫೈಲ್ ಕೊಡುವ ಮೊದಲು ಶೇ 20. ತಿದ್ದುಪಡಿ ಎರಡು ಸುತ್ತು, ಮೂರನೆಯದಕ್ಕೆ ಗಂಟೆಯ ದರ, ಕೊಟೇಶನ್ನಿನಲ್ಲೇ ಬರೆದಿರಬೇಕು. ‘ನಮ್ಮವರೇ ಅಲ್ವಾ’ ಎಂಬ ರಿಯಾಯಿತಿ ಕೊಡಲೇಬೇಕಾದರೆ ಬಿಲ್ಲಿನಲ್ಲಿ ಪೂರ್ತಿ ದರ ಬರೆದು ಕೆಳಗೆ ಕಳೆಯಿರಿ. ಇಲ್ಲದಿದ್ದರೆ ಕಡಿಮೆ ದರವೇ ನಿಮ್ಮ ದರವೆಂದು ಊರೆಲ್ಲ ಹಬ್ಬುತ್ತದೆ. ತೋಟದವರ ಕೈಯಲ್ಲಿ ಹಣ ಓಡಾಡುವುದು ಅರೇಬಿಕಾ, ರೋಬಸ್ಟಾ ಕೊಯ್ಲು ಮುಗಿದ ಮೇಲೆ. ಮಳೆಗಾಲದ ಸಂಬಳದ ಹಣವನ್ನು ಮಾರ್ಚ್, ಏಪ್ರಿಲ್‌ನಲ್ಲೇ ಎತ್ತಿಡಬೇಕು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಮಾಡಿಸಿಕೊಳ್ಳಿ, ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ ನೋಂದಾಯಿತ ಸಣ್ಣ ಉದ್ಯಮಕ್ಕೆ ಖರೀದಿದಾರರು ಬರೆದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಪಕ್ಕದ ಮನೆಯ ಹೋಂಸ್ಟೇ ಮೇಲೆ ಇದನ್ನು ಪ್ರಯೋಗಿಸಲು ನೀವು ಹೋಗುವುದಿಲ್ಲ, ಹೋಗಲೂ ಬೇಡಿ. ದೊಡ್ಡ ರೆಸಾರ್ಟಿನ ಅಕೌಂಟ್ಸ್ ವಿಭಾಗಕ್ಕೆ ಮಾತ್ರ, ಬಿಲ್ಲಿನ ಕೆಳಗೆ ಈ ನಿಯಮವನ್ನು ಒಂದು ಸಾಲಿನಲ್ಲಿ ಬರೆದರೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ ನಿಮ್ಮ ಆಯ್ಕೆಗಳು. ಮ್ಯಾನೇಜರ್ ಬೇಡ, ಈಗಲೇ ಬೇಡ. 30 ಸಾವಿರದ ಒಬ್ಬರನ್ನು ಸೇರಿಸಿದರೆ ಗಂಟೆಯ ಖರ್ಚು 425ರಿಂದ 500ಕ್ಕೆ ಏರುತ್ತದೆ. ಡಿಸೈನ್ ಗೊತ್ತಿಲ್ಲದವರಾದರೆ ನಿಮ್ಮ ಮುಂದಿನ ಸಾಲು ಇನ್ನೂ ಉದ್ದವಾಗುತ್ತದೆ, ಏಕೆಂದರೆ ಅವರೂ ನಿಮ್ಮನ್ನೇ ಕೇಳಬೇಕು. ನಿಮಗೆ ಬೇಕಿರುವುದು ಅರ್ಧ ದಿನ ಬಂದು ಫೋನು, ಬಿಲ್ಲು, ಬಾಕಿ ವಸೂಲಿ, ಪ್ರೆಸ್ಸಿನ ಜೊತೆ ಮಾತು ನೋಡಿಕೊಳ್ಳುವವರು.

ಮೂವರಲ್ಲಿ ಒಬ್ಬರನ್ನು ಮೇಲಕ್ಕೆ ತರುವುದು ಉತ್ತಮ ದಾರಿ, ಅಪಾಯವೂ ಅದರಲ್ಲೇ ಹೆಚ್ಚು. ಕೈಚಳಕ ಚೆನ್ನಾಗಿರುವವರು ಬೇರೆಯವರ ಕೆಲಸ ನೋಡುವುದರಲ್ಲೂ ಚೆನ್ನಾಗಿರುತ್ತಾರೆಂದಿಲ್ಲ. ನೀವೇ ಅದಕ್ಕೆ ಉದಾಹರಣೆ, ಬೇಸರ ಬೇಡ. ಹುದ್ದೆ ಕೊಟ್ಟು ಆಮೇಲೆ ಹಿಂದೆ ತೆಗೆದುಕೊಂಡರೆ ಅವರೂ ಹೋಗುತ್ತಾರೆ. ಆದ್ದರಿಂದ ಹುದ್ದೆ ಬದಲು ಒಂದು ಬಗೆಯ ಕೆಲಸ ಕೊಡಿ: ಮೂರು ತಿಂಗಳು ಲೇಬಲ್ಲುಗಳೆಲ್ಲ ಅವಳ ಜವಾಬ್ದಾರಿ, ಬ್ರೀಫ್‌ನಿಂದ ಸಹಿಯ ತನಕ, ಆ ಅವಧಿಗೆ ಸಂಬಳದ ಮೇಲೆ ಇಷ್ಟು. ಹೊಂದಿಕೆಯಾದರೆ ಮುಂದುವರಿಸಿ.

ಸೀಸನ್ನಿಗೆ ಮಾತ್ರ ಫ್ರೀಲ್ಯಾನ್ಸರ್‌ಗಳನ್ನು ತೆಗೆದುಕೊಳ್ಳಬಹುದು. ಆದರೆ ಸಂಬಳದವರು ಮಾಡಿದ್ದರ ಹಕ್ಕು ಸಾಮಾನ್ಯವಾಗಿ ನಿಮ್ಮದು, ಹೊರಗಿನವರು ಮಾಡಿದ ಲೋಗೋದ ಹಕ್ಕು ಬರೆದುಕೊಡದ ಹೊರತು ಅವರದ್ದೇ. ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ 1957ರ ಕಾಪಿರೈಟ್ ಕಾಯ್ದೆ ಅದನ್ನು ಐದು ವರ್ಷವೆಂದೇ ಎಣಿಸುತ್ತದೆ. ಐದು ವರ್ಷ ಕಳೆದ ಮೇಲೆ ಗ್ರಾಹಕರ ಲೋಗೋ ಯಾರದ್ದು ಎಂಬ ತಕರಾರು ಯಾರಿಗೂ ಬೇಡ.

ಕೆಲಸ ಕಡಿಮೆ ಮಾಡಿ ದರ ಏರಿಸಿ ನಾಲ್ವರೇ ಇರುವುದೂ ಬೆಳವಣಿಗೆಯೇ. ಏರಿಸಿದ ಮೊದಲ ಎರಡು ಮೂರು ತಿಂಗಳು ಕೆಲವರು ಬಿಟ್ಟುಹೋಗುತ್ತಾರೆ, ಅವರಲ್ಲಿ ನೆಂಟರೂ ಇರುತ್ತಾರೆ. ಮೂರು ತಿಂಗಳ ಖರ್ಚು, ನಿಮ್ಮ ಸಂಬಳ ಬಿಟ್ಟರೆ 3.6 ಲಕ್ಷ, ಕೈಯಲ್ಲಿಟ್ಟುಕೊಂಡೇ ಇದಕ್ಕೆ ಇಳಿಯಬೇಕು. ಹೊಸಬರಿಂದ ಶುರುಮಾಡಿ, ಹಳಬರಿಗೆ ಮುಂದಿನ ಆರ್ಥಿಕ ವರ್ಷದಿಂದ ಎಂದು ತಿಳಿಸಿ.

ಮೈಸೂರು ಎರಡು ಗಂಟೆಯ ಹಾದಿ. ನೀವು ಹೋದರೆ ‘ಅಕ್ಕಾ, ಒಮ್ಮೆ ನೋಡಿ’ಯೂ ಜೊತೆಗೇ ಬರುತ್ತದೆ, ಬಾಡಿಗೆ ಮಾತ್ರ ಬೇರೆ. ತೋಟ, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು), ಒಣಗಿಸುವ ಕಣ ಎಲ್ಲವನ್ನೂ ಕಣ್ಣಾರೆ ನೋಡಿ ಕಾಫಿ ಪೌಚು ಮಾಡುವ ಅನುಕೂಲ ಅಲ್ಲಿನ ಸ್ಟುಡಿಯೋಗಳಿಗಿಲ್ಲ. ಅದನ್ನು ನೀವು ಇನ್ನೂ ಪೂರ್ತಿ ದುಡಿಸಿಕೊಂಡಿಲ್ಲ ಅನ್ನಿಸುತ್ತದೆ. ತಿಂಗಳಿಗೊಂದು ದಿನ ನಾಲ್ವರೂ ಕಂಪ್ಯೂಟರ್ ಮುಚ್ಚಿ ಯಾವುದಾದರೂ ಗ್ರಾಹಕರ ತೋಟಕ್ಕೋ, ಅವರ ಸರಕು ಮಾರುವ ಅಂಗಡಿಗೋ ಹೋಗಿ. ಕೋರ್ಸ್ ಮಾಡುವುದರಿಂದ ನಷ್ಟವಿಲ್ಲ, ಆದರೆ ಮೇಲಿನದ್ದನ್ನು ಆರು ತಿಂಗಳು ನಡೆಸಿದ ಮೇಲೆ ಮಾಡಿ. ಆಗ ಕೇಳಲು ನಿಮ್ಮಲ್ಲಿ ನಿರ್ದಿಷ್ಟ ಪ್ರಶ್ನೆಗಳಿರುತ್ತವೆ.

ಶುರುಮಾಡುವ ಹೊತ್ತಿನ ಬಗ್ಗೆ ಒಂದು ಮಾತು. ಮೊದಲ ನಾಲ್ಕೈದು ವಾರ ಕೆಲಸ ನಿಧಾನವಾಗುತ್ತದೆ, ಡಿಸೈನ್ ಮಟ್ಟ ಸ್ವಲ್ಪ ಇಳಿದಂತೆಯೂ ಕಾಣುತ್ತದೆ. ಡೆಡ್‌ಲೈನ್ ಒತ್ತಡದಲ್ಲಿ ಇದಾದರೆ ಮೂರನೆಯ ದಿನವೇ ನಿಮ್ಮ ಕೈ ಮತ್ತೆ ಮೌಸಿಗೆ ಹೋಗುತ್ತದೆ. ಹಾಗಾಗಿ ಮದುವೆಯ ಸೀಸನ್, ದಸರಾ ಗದ್ದಲದಲ್ಲಿ ಬೇಡ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕೊಡವ ತಿಂಗಳಲ್ಲಿ ಹಿಡಿಯಿರಿ. ಮದುವೆ ಇರುವುದಿಲ್ಲ, ಗ್ರಾಹಕರೆಲ್ಲ ಮಳೆಗೆ ಮನೆ ಸೇರಿರುತ್ತಾರೆ, ಸಂಜೆ ಹೊತ್ತಿಗೆ ಹೇಗೂ ಕರೆಂಟು ಹೋಗುತ್ತದೆ. ಯುಪಿಎಸ್‌ನಲ್ಲಿ ರಾತ್ರಿ ಫೈಲ್ ತೆರೆದು ತಿದ್ದುವ ಆಸೆ ಬಂದರೆ, ಆ ಫೈಲಿನ ಬ್ರೀಫ್ ಹಾಳೆಯ ಹಿಂಬದಿಯಲ್ಲಿ ನಿಮಗೆ ಕಂಡ ತೊಂದರೆಯನ್ನು ಒಂದೇ ಸಾಲಿನಲ್ಲಿ ಬರೆದು ಅವರ ಮೇಜಿನ ಮೇಲಿಟ್ಟು ಹೋಗಿ.